ಗೋಡೆಯ ಪಕ್ಕ ಹೇಳುವ ಮಾತು

ಅಪ್ಪನ ಶವಪೆಟ್ಟಿಗೆಯ ಮುಂದಿನ ಹಿಡಿಗೆ ಸುನ್ವಾ ಕೈಹಾಕಿದ್ದೇ ತಡ, ಪಕ್ಕದ ಹಿಡಿಯಲ್ಲಿದ್ದ ಸಾಕಾರಿಸ್ ಶುರುಮಾಡಿದ. ಅಪ್ಪನ ಪಕ್ಷದ ಹಿರಿಯ, ಹೆಣದ ಮುಂದೆಯೂ ಬಾಯಿ ಮುಚ್ಚಲಾರದ ಮನುಷ್ಯ.

"ಅಲ್ಲಮ್ಮಾ, ನಿಮ್ಮಪ್ಪ ಹಾನುಸ್ ಮೂವತ್ತೊಂದು ವರ್ಷ ಸಂಸತ್ತಲ್ಲಿ ಕೂತ. ಅವನಿಗಿಂತ ಮುಂಚೆ ನಿಮ್ಮಜ್ಜ. ಈಗ ಆ ಜಾಗ ಬೇರೆ ಊರೋರ ಪಾಲಾಗ್ಬೇಕಾ?"

"ನಾಳೆ ನಮ್ಮ ಮೀನುಹಡಗು ಹೊರಡತ್ತೆ ಮಾಮ. ಇಂಜಿನ್ ನೋಡ್ಕೊಳ್ಳೋಳು ನಾನೇ. ಕೆಳಗೆ ನೋಡ್ಕೊಂಡು ಕಾಲಿಡಿ."

"ಹಡಗಂತೆ! ಗುಡ್ಡ ಕೊರೆದು ಸುರಂಗ ಯಾರು ಮಾಡಿಸ್ಕೊಡ್ತಾರೆ, ನಿನ್ನ ಹಡಗಾ?"

"ಹಾನುಸಣ್ಣ ಮೂವತ್ತು ವರ್ಷ ಮಾಡ್ಸಿದ್ನಲ್ಲ, ಗುಡ್ಡ ಇನ್ನೂ ಹಾಗೇ ಇದೆ!" ಎಂದ ಹಿಂದಿನವನೊಬ್ಬ. ಹೊತ್ತವರೆಲ್ಲ ನಕ್ಕರು. ಸುನ್ವಾಳಿಗೆ ಮೈಯೆಲ್ಲ ಉರಿಯಿತು.

* * *

ಅವಳಿಗಾಗ ಒಂಬತ್ತು. ಅಜ್ಜನನ್ನು ಮಣ್ಣುಮಾಡಿದ ದಿನ ಅಪ್ಪ ಸ್ಮಶಾನದ ಗೋಡೆಯ ಪಕ್ಕ ನಿಂತು, "ಬಂದೋರಿಗೆಲ್ಲ ಉಪಕಾರ ಆಯ್ತು, ಕಾಫಿಗೆ ಬನ್ನಿ" ಎಂದಿದ್ದ, ಅಷ್ಟೇ. ಮನೆಯವರೊಬ್ಬರು ಹೀಗೆ ಹೇಳದೆ ಫೇರೋ ದ್ವೀಪದ ಈ ಮೂಲೆಯಲ್ಲಿ ಯಾರೂ ಗೋರಿಯ ಹತ್ತಿರದಿಂದ ಕದಲುವುದಿಲ್ಲ. ಹೇಳಿದ ಮಗನೋ ಮಗಳೋ ಸತ್ತವರ ಜಾಗಕ್ಕೆ ಒಪ್ಪಿದಂತೆ ಎಂಬುದು ಊರಿನ ಲೆಕ್ಕ. ಸಂಜೆಯೊಳಗೆ ಅಪ್ಪನ ಹೆಸರು ಅಭ್ಯರ್ಥಿಗಳ ಪಟ್ಟಿಯಲ್ಲಿತ್ತು.

ಅಪ್ಪ ದೋಣಿ ಕಟ್ಟುವವನು. ಅರ್ಧ ಕಟ್ಟಿದ ದೋಣಿ ಹಾಗೇ ಉಳಿಯಿತು. ಪ್ರತಿ ಚುನಾವಣೆಗೂ "ಇದೊಂದು ಸಲ" ಎನ್ನುತ್ತಿದ್ದ. ಆಮೇಲೆ ಹಾಗೆನ್ನುವುದನ್ನೂ ಬಿಟ್ಟ.

* * *

ಗುಂಡಿ ಮುಚ್ಚಿದರು. ಪ್ರಾರ್ಥನೆಯ ಹಾಡು ಮುಗಿಯಿತು. ಸುನ್ವಾ ಹಲ್ಲುಕಚ್ಚಿ ನಿಂತಳು. ಏನಾದರಾಗಲಿ, ಬಾಯಿ ಬಿಡುವುದಿಲ್ಲ.

ಯಾರೂ ಕದಲಲಿಲ್ಲ. ಸಮುದ್ರದ ಕಡೆಯಿಂದ ಬೀಸಿದ ಗಾಳಿಯಲ್ಲಿ ಆಲಿಕಲ್ಲು ಬಂತು. ಟೋಪಿ ಕೈಯಲ್ಲಿ ಹಿಡಿದಿದ್ದ ಗಂಡಸರ ಬೋಳುತಲೆಗಳ ಮೇಲೆ ಪಟಪಟ ಬಿತ್ತು. ಐದು ನಿಮಿಷವಾಯಿತು, ಹತ್ತಾಯಿತು. ಪಾದ್ರಿ ಕೆಮ್ಮಿದ.

"ಅಮ್ಮ, ನೀನೇ ಹೇಳ್ಬಿಡು."

"ನಾನು ಹೇಳಿದ್ರೆ ಇವ್ರು ಕೇಳಿಸ್ಕೊಳ್ಳಲ್ಲ ಕಣೇ." ಅಮ್ಮನ ತುಟಿ ನೀಲಿಗಟ್ಟಿತ್ತು. "ನೀನೂ ಹೇಳ್ಬೇಡ. ನಿಂಗೆ ನಿಮ್ಮಪ್ಪನ ಗತಿ ಬೇಡ. ನಾನು ನಿಂತಿರ್ತೀನಿ."

ಹಾಗೆನ್ನುತ್ತಲೇ ಅಮ್ಮನ ಮಂಡಿ ಕುಸಿಯಿತು. ಸುನ್ವಾ ಅವಳನ್ನು ಎದೆಗವಚಿ ಹಿಡಿದಳು. ಅಯ್ಯೋ, ಇವರ ಹಠಕ್ಕಿಷ್ಟು ಬೆಂಕಿ ಹಾಕ!

"ಬಂದೋರಿಗೆಲ್ಲ ಉಪಕಾರ ಆಯ್ತು," ಎಂದಳು. "ಕಾಫಿಗೆ ಬನ್ನಿ."

ಟೋಪಿಗಳೆಲ್ಲ ಒಟ್ಟಿಗೆ ತಲೆಗೇರಿದವು. ಸಾಕಾರಿಸ್ ಕೋಟಿನ ಒಳಜೇಬಿನಿಂದ ಪಟ್ಟಿ ತೆಗೆದು, ಸಹಿ ಹಾಕಲು ಗೋಡೆಯ ಕಲ್ಲಿನ ಮೇಲೆ ಹರಡಿದ. ಅವಳ ಹೆಸರು ಅಪ್ಪ ಬದುಕಿದ್ದಾಗಲೇ ಟೈಪಾಗಿತ್ತು. ಮರಕ್ಕೆ ಗುರುತು ಹಾಕುತ್ತಿದ್ದ ದಪ್ಪ ಪೆನ್ಸಿಲ್ಲಿನಿಂದ ಅಪ್ಪ ಅದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದ್ದ. ಅದರ ಕೆಳಗೆ, ಹೊಸ ಶಾಯಿಯಲ್ಲಿ, ಮತ್ತೆ ಅದೇ ಹೆಸರು.