ಗೊಂಬೆ ಇಳಿಯದ ಹಗೇವು

ಎಲ್ಲರೂ ಮಲಗಿ ಬಹಳ ಹೊತ್ತಾಗಿತ್ತು. ಹಿತ್ತಲಲ್ಲಿ ಕಡ್ಡಿ ಗೀರಿದ ಸದ್ದಾಯಿತು. ಹಂಪವ್ವ ಎಚ್ಚರಗೊಂಡಳು. ಪಕ್ಕದಲ್ಲಿ ಕೈಯಾಡಿಸಿದಳು, ಮಗಳು ಹುಲಗಮ್ಮನ ಕೌದಿ ಬರಿದಾಗಿತ್ತು.

ಅಂಗಳದಲ್ಲಿ ಹಗೇವಿನ ಬಾಯಿ ತೆರೆದೇ ಇತ್ತು. ಜೋಳ ತುಂಬಿಟ್ಟ ಆ ನೆಲದಡಿಯ ಕುಣಿಗೆ ಬೆಳಿಗ್ಗೆ ಇಳಿಯಬೇಕೆಂದು ಗಂಡ ವಿರುಪಣ್ಣ ಸಂಜೆಯೇ ಬಂಡೆ ಸರಿಸಿದ್ದ. ಹಂಪವ್ವ ಮೊದಲು ಅಲ್ಲಿಗೇ ಓಡಿದಳು. ಅಡ್ಡ ಇಟ್ಟಿದ್ದ ಜಾಲಿಮುಳ್ಳು ಕದಲಿರಲಿಲ್ಲ. ಹೋದ ಜೀವ ಬಂದಂತಾಗಿ ಹಿತ್ತಲಿಗೆ ಬಂದರೆ, ಬಣವೆಯ ಪಕ್ಕದಲ್ಲೇ ಬೆಳಕು!

ಏಳು ವರ್ಷದ ಹುಲಗಮ್ಮ ಮೊಳದುದ್ದ ಗುಂಡಿ ತೋಡಿಕೊಂಡು, ಡಬ್ಬಿಯ ಮುಚ್ಚಳದಲ್ಲಿ ಬತ್ತಿ ಹೊತ್ತಿಸಿ, ದಾರ ಕಟ್ಟಿ ಅದನ್ನು ಕೆಳಗೆ ಬಿಡುತ್ತಿದ್ದಳು. ಮಗ್ಗುಲಲ್ಲಿ ಅರಿವೆಯ ಗೊಂಬೆ. ಬಗ್ಗಿ ಉಫ್ ಎಂದು ತಾನೇ ಊದಿದಳು.

“ದೀಪ ಆರ್ತು ನೋಡಪಾ. ನೀ ಇಳೀಬ್ಯಾಡ, ಮನ್ಯಾಗ ನಿನ್ನ ಮಕ್ಕಳು ಅಳ್ತಾವ. ನಾಳಿ ನೋಡೂಣು,” ಎಂದು ಗೊಂಬೆಯನ್ನು ದೂರ ಕೂರಿಸಿದಳು.

ಹೋದ ವರ್ಷ ತೀರಿಕೊಂಡ ಅಜ್ಜ ಹೇಮಪ್ಪನ ಧಾಟಿಯೇ ಅದು. ದೀಪ ಇಳಿಬಿಟ್ಟು ನೋಡದೆ ಆತ ಯಾರನ್ನೂ ಹಗೇವಿಗೆ ಇಳಿಸುತ್ತಿರಲಿಲ್ಲ; ದೀಪ ಆರಿದರೆ ಒಳಗೆ ಉಸಿರುಗಟ್ಟಿಸಿ ಕೊಲ್ಲುವ ಗಾಳಿ ಇದೆಯೆಂದೇ ಲೆಕ್ಕ. ಆದರೆ ಅದನ್ನೆಲ್ಲ ನೆನೆಯುವ ತಾಳ್ಮೆ ಹಂಪವ್ವನಿಗೆ ಆಗ ಎಲ್ಲಿತ್ತು?

“ಬಣವಿ ಸುಡಾಕ ಹುಟ್ಟೀಯೇನ?” ಎಂದು ಬೆನ್ನಿಗೊಂದು ಕೊಟ್ಟು, ಕಡ್ಡಿಪೆಟ್ಟಿಗೆ ಕಸಿದುಕೊಂಡಳು. ಕಂದೀಲನ್ನೂ ಅಟ್ಟಕ್ಕೇರಿಸಿದಳು. ಮತ್ತೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ವಿರುಪಣ್ಣನಿಗೆ ಅವಸರ. ಹಿಟ್ನಾಳದವರೆಗೆ ನಡೆದು, ಕಾಲುವೆ ಕಚೇರಿಗೆ ಹೋಗುವ ಬಸ್ಸು ಹಿಡಿಯಬೇಕು. ಅಪ್ಪ ಹೋದ ಮೇಲೆ ಹಗೇವು ತೆಗೆಯುತ್ತಿರುವುದು ಇದೇ ಮೊದಲು. ಗೂಟಕ್ಕೆ ಹಗ್ಗ ಬಿಗಿದು ಸೊಂಟಕ್ಕೆ ಸುತ್ತಿಕೊಂಡ.

“ಕಂದೀಲು ಎಲ್ಲೈತಿ?”

“ಅಟ್ಟದ ಮ್ಯಾಲೈತ್ರಿ. ತರಲೇನು?”

“ಬಿಡು, ಬಸ್ಸು ತಪ್ಪತೈತಿ. ರಾತ್ರಿಯೆಲ್ಲಾ ತೆರದೈತಿ, ಕೆಟ್ಟ ಗಾಳಿ ಹೋಗಿರತೈತಿ.”

ಹುಲಗಮ್ಮ ಓಡಿಬಂದು ಅವನ ಕಾಲಿಗೆ ತೆಕ್ಕೆಬಿದ್ದಳು. “ಅಪ್ಪಾ, ಮೊದಲ ದೀಪ ಬಿಡು!”

“ನೀ ಯಾವಾಗ ನಮ್ಮ ಸಾಹೇಬ ಆದಿ? ಸರಿ ಅತ್ತಾಗ.”

“ನನ್ನ ಗೊಂಬಿನೂ ಇಳಿಯಂಗಿಲ್ಲ. ನೀ ಹೆಂಗ ಇಳೀತಿ?”

ವಿರುಪಣ್ಣ ನಗುತ್ತ ಕಾಲು ಬಿಡಿಸಿಕೊಂಡು, ಅಂಚಿನಲ್ಲಿ ಕುಳಿತು ಪಾದ ಇಳಿಬಿಟ್ಟ. ಹಂಪವ್ವ ಹಗ್ಗವನ್ನು ಎರಡೂ ಕೈಯಿಂದ ಜಗ್ಗಿ ಹಿಡಿದಳು.

“ನಿಂದರ್ರಿ. ಬಸ್ಸು ಹೋದ್ರ ಹೋಗ್ಲಿ.”

ಅವಳು ಅಟ್ಟ ಹತ್ತಿ ಇಳಿಯುವ ತನಕ ಹುಲಗಮ್ಮ ಅಪ್ಪನ ಅಂಗಿ ಬಿಡಲಿಲ್ಲ. ಹೊತ್ತಿಸಿದ ಕಂದೀಲನ್ನು ಹಗ್ಗದಲ್ಲಿ ಇಳಿಬಿಟ್ಟರು. ಆಳುದ್ದ ಹೋಗುತ್ತಲೇ ಉರಿ ಕುಗ್ಗಿತು, ಆರಿತು. ಮೇಲೆ ತಂದು ಮತ್ತೆ ಹೊತ್ತಿಸಿ ಬಿಟ್ಟರು. ಮತ್ತೆ ಆರಿತು.

ವಿರುಪಣ್ಣ ಕಾಲು ಮೇಲೆಳೆದುಕೊಂಡು ಮಂಡಿ ಅವಚಿ ಕುಳಿತ. ಹುಲಗಮ್ಮ ಅವನ ಬೆನ್ನು ತಟ್ಟಿ, “ನಾಳಿ ನೋಡೂಣಪಾ,” ಎಂದಳು.

ಸಂಜೆ ಅತ್ತೆ ಯಂಕವ್ವ ಹೇಮಗುಡ್ಡದ ದುರ್ಗವ್ವನಿಗೆ ಕಾಯಿ ಒಡೆಸಿಕೊಂಡು ಬಂದಳು. “ಜೋಳ ತಗದ್ರೇನವಾ?”

ಹಂಪವ್ವನಿಗೆ ಹೇಳಿಬಿಡುವ ಆಸೆ. ಆದರೆ ಮೊಮ್ಮಗಳ ಜಾಣತನವನ್ನು ಅತ್ತೆ ಓಣಿಯ ತುಂಬ ಹೊಗಳಿಕೊಂಡು ಬರುವುದು ಖಂಡಿತ. ನಾಳೆ ಓಣಿಯ ಹುಡುಗರೆಲ್ಲ ಕಡ್ಡಿಪೆಟ್ಟಿಗೆ ಕದ್ದು, ನಿಜವಾದ ಹಗೇವಿನ ಬಾಯಿಗೇ ಬಗ್ಗಿದರೆ? ಒಬ್ಬರ ಕಾಲು ಜಾರಿದರೂ ಸಾಕಲ್ಲ. ವಿರುಪಣ್ಣನಂತೂ ಬಾಯಿ ಬಿಡುವವನಲ್ಲ. ತಾನೂ ಬಿಡಬಾರದು, ಯಾರ ಮುಂದೆಯೂ, ಎಂದೂ.

“ಇವರಿಗೆ ಬಸ್ಸಿನ ಹೊತ್ತಾತ್ರಿ ಅತ್ತಿ,” ಎಂದಳು. “ನಾಳಿ ತಗೀತಾರ.”