ದೂರು ಕೊಡದವರು

ಆ್ಯಪ್ ಬರೆಯುವ ತಂಗಿಯ ಸಿಟ್ಟು ನೆತ್ತಿಗೇರಿದ್ದು ಮಧ್ಯಾಹ್ನ, ಅಕ್ಕನ ಫೋನು ಬಂದಾಗ.

ಅಕ್ಕ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸು. ಯಾವ ಹೊತ್ತಿಗೆ ಯಾವ ಮನೆ ಎಂದು ಅವಳಿಗೆ ಅಪ್ಪಣೆ ಕೊಡುವುದು ತಂಗಿಯ ಕಂಪನಿಯ ಆ್ಯಪ್.

"ಅಜ್ಜಿ ಮೈಯೆಲ್ಲಾ ಸೋಪು ಕಣೇ. ಫೋನು ಬಡ್ಕೊಳ್ಳೋಕೆ ಶುರುವಾಯ್ತು, ಭೇಟಿ ಮುಗೀತು, ಮುಂದಿನ ಮನೆಗೆ ಹೊರಡಿ ಅಂತ. ನಿಂತ್ರೆ ಹೆಸರಿನ ಮುಂದೆ ಕೆಂಪು ಗುರುತು. ಹಾಗೇ ಒರೆಸಿ ಬಂದ್ಬಿಟ್ಟೆ. ಪಾಪ, ನಡುಗ್ತಿದ್ರು."

"ದೂರು ಕೊಟ್ಯಾ?"

"ಕೊಟ್ಟು ಯಾರ ಕಣ್ಣಿಗೆ ಬೀಳ್ಲಿ? ಬಿಡೇ, ನಾಳೆಯಿಂದ ಕೈ ಜೋರು ಮಾಡ್ತೀನಿ."

ಹೊರಡಿ ಎಂದು ಬಡಿದುಕೊಳ್ಳುವ ಆ ಹೊಸ ಗಡಿಯಾರವನ್ನು ಆ್ಯಪಿನಲ್ಲಿ ಬರೆದವರು ಬೇರೆ. ಅದಕ್ಕೆ ಸ್ವಿಚ್ಚು ಕಟ್ಟಿದವಳು ತಂಗಿಯೇ. ಫೀಚರ್ ಫ್ಲ್ಯಾಗ್ ಎನ್ನುತ್ತಾರೆ. ಹೊಸದನ್ನು ಮೊದಲು ನೂರಕ್ಕೆ ಐದು ಜನರ ಫೋನಿನಲ್ಲಿ ಆನ್ ಮಾಡುವುದು, ಎಡವಟ್ಟಾದರೆ ತಕ್ಷಣ ಆಫ್. ಆ ಐದು ಜನ ಯಾರಾದರೂ ಆಗಿರಬೇಕು, ಚೀಟಿ ಎತ್ತಿದ ಹಾಗೆ. ಆದರೆ ಪರದೆ ತೆರೆದು ನೋಡಿದರೆ ಯಾರಿಗೆ ಆನ್ ಎಂಬ ಷರತ್ತಿನ ಜಾಗದಲ್ಲಿ ಬೇರೆಯೇ ಇತ್ತು: ಈವರೆಗೆ ಒಂದೂ ದೂರು ಕೊಡದವರು.

ತಂಡದ ಮುಖ್ಯಸ್ಥನಿಗೆ ಆಫೀಸಿನಲ್ಲಿ ಗ್ರಾಫ್ ಸಾಹೇಬ ಎಂದೇ ಹೆಸರು. ಮನುಷ್ಯರ ಮುಖ ನೋಡಿ ಮಾತಾಡಿದ್ದನ್ನು ಕಂಡವರಿಲ್ಲ.

"ಸರ್, ಇದನ್ನ ಆಫ್ ಮಾಡ್ಬೇಕು."

"ಯಾಕಮ್ಮಾ? ಒಂದೂ ದೂರಿಲ್ಲ. ಗೆರೆ ನೋಡಿ, ಮಿಸುಕಾಡಿಲ್ಲ."

"ಬಾಯಿ ಸತ್ತವರನ್ನೇ ಹುಡುಕಿ ಹಾಕಿದ್ರೆ ಮಿಸುಕುತ್ತಾ ಸರ್?"

"ಸುರಕ್ಷಿತ ಬಿಡುಗಡೆ ಅಂದ್ರೆ ಅದೇ ಅಲ್ವಾ?" ಸಾಹೇಬ ನಕ್ಕ. "ಸೋಮವಾರ ಎಲ್ಲರಿಗೂ."

ಸುರಕ್ಷಿತವಂತೆ! ಯಾರಿಗೆ? ನಡುಗುವ ಮುದುಕಿಗೋ, ಇವನ ಕುರ್ಚಿಗೋ?

ತಾನು ಆಫ್ ಮಾಡಿದರೆ ಅವನು ಮತ್ತೆ ಆನ್ ಮಾಡುತ್ತಾನೆ. ತಂಗಿ ಷರತ್ತನ್ನೇ ಬದಲಿಸಿದಳು: ಅತಿ ಹೆಚ್ಚು ದೂರು ಕೊಡುವವರು. ಅವರ ಕೈಯಲ್ಲೂ ಯಾರದೋ ಅಜ್ಜಿ ಇರುತ್ತಾಳೆ. ಗೊತ್ತಿತ್ತು. ಬೆರಳು ಒಂದು ಗಳಿಗೆ ಹಿಂಜರಿಯಿತು. ಆ ಪಾಪ ನನ್ನ ತಲೆಗೇ ಇರಲಿ ಎಂದು ಒತ್ತಿದಳು.

ಅಕ್ಕನ ಫೋನು ತೆಪ್ಪಗಾಯಿತು. ಆಫೀಸಿನ ಫೋನುಗಳು ಒಂದರ ಹಿಂದೊಂದು ಬಾಯಿ ಬಿಟ್ಟವು. ತಂಗಿ ತನ್ನ ಮೇಜಿನದನ್ನು ಎತ್ತಿದಳು. ಆ ಬದಿಯಲ್ಲಿ ಯಾರೋ ಒಬ್ಬ ನರ್ಸು.

"ಏನ್ರೀ, ರೋಗಿ ಬಾಯಲ್ಲಿ ತುತ್ತಿರೋವಾಗ ಹೊರಡು ಅಂತೀರಲ್ಲ! ನಿಮ್ಮಪ್ಪನಿಗೂ ಹೀಗೇ ಉಣಿಸ್ತೀರಾ?"

ಸಾಹೇಬ ಏದುಸಿರು ಬಿಡುತ್ತ ಓಡಿಬಂದ. "ಆಫ್ ಮಾಡು! ಮೊದಲು ಆಫ್ ಮಾಡು! ಸೋಮವಾರದ್ದೂ ಬೇಡ, ಎಲ್ಲಾ ತೆಗ್ದುಹಾಕು!"

ತಂಗಿ ಆಫ್ ಮಾಡಿದಳು.

"ಯಾವನು ಮುಟ್ಟಿದ್ದು ಇದನ್ನ?"

"ನಾನೇ."

"ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ!"

"ಹಾಕಲ್ಲ," ಎಂದವಳೇ ರಿಸೀವರನ್ನು ಅವನ ಕೈಗೆ ತುರುಕಿದಳು. "ಆಯಮ್ಮ ಇನ್ನೂ ಲೈನಲ್ಲಿದ್ದಾರೆ. ನಿಮ್ಮಪ್ಪನಿಗೆ ಹೇಗೆ ಉಣಿಸ್ತೀರಿ ಅಂತ ಕೇಳ್ತಿದ್ದಾರೆ. ಹೇಳಿ."