ಸೀಟು ತುಂಬುವವರು

"ಕೈ ತೋರಿಸೇ. ಥೂ, ಇನ್ನೂ ಫಿನಾಯಿಲ್ ನಾತ. ಸೋಪು ಕೊಟ್ಟಿದ್ನಲ್ಲ, ತಿಂದ್ಕೊಂಡ್ಯಾ? ಈ ಕೈ ಇಟ್ಕೊಂಡು ವಿಮಾನದಲ್ಲಿ ಕೂತ್ರೆ ಪಕ್ಕದವನು ವಾಂತಿ ಮಾಡ್ಕೋತಾನೆ, ಮುಂಡೇದೆ."

ಮೇಸ್ತ್ರಿ ದೊಡ್ಡಕ್ಕನ ಅಂಗೈ ಮೂಸಿ, ಸತ್ತ ಇಲಿಯನ್ನು ಬಿಡುವ ಹಾಗೆ ಬಿಟ್ಟ. ವಿಮಾನ ನಿಲ್ದಾಣದ ಲಗೇಜು ಕೋಣೆಯಲ್ಲಿ ಕಸ ಗುಡಿಸುವ ಹೆಂಗಸರು ಒಂದು ಸಾಲು, ಸಾಮಾನು ಹೊರುವ ಗಂಡಸರು ಒಂದು ಸಾಲು ನಿಂತಿದ್ದರು. ನೆಲದ ಮೇಲೆ ಯಾರೂ ಬಂದು ಕೇಳದ ಸೂಟ್‌ಕೇಸುಗಳು ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ಪ್ರಯಾಣಿಕರು ಮರೆತುಹೋದ ಬಟ್ಟೆ ಅವುಗಳಲ್ಲಿತ್ತು. ಇವತ್ತು ಇವರೆಲ್ಲ ಅದನ್ನು ತೊಟ್ಟು ಪ್ರಯಾಣಿಕರಾಗಬೇಕಿತ್ತು. ಮೇಸ್ತ್ರಿ ಕೈಗೆ ಸಿಕ್ಕಿದ್ದನ್ನು ಒಬ್ಬೊಬ್ಬರ ಮುಖಕ್ಕೆ ಎಸೆಯುತ್ತಿದ್ದ. ದೊಡ್ಡಕ್ಕನ ಪಾಲಿಗೆ ಜರಿಯಂಚಿನ ಸೀರೆ ಬಂತು. ಅವಳ ಮೈದುನನಿಗೆ ಕೋಟು. ಸಾಮಾನಿನ ತಳ್ಳುಗಾಡಿಯ ಜೊತೆಯಲ್ಲೇ ಹುಟ್ಟಿದವನಂತಿದ್ದ ಅವನನ್ನು ಎಲ್ಲರೂ ಟ್ರಾಲಿ ಅಂತಲೇ ಕರೆಯುತ್ತಿದ್ದರು. ಕೋಟಿನ ತೋಳು ಅವನ ಬೆರಳನ್ನೂ ನುಂಗಿಬಿಟ್ಟಿತು. ಮದುವೆ ಗಂಡು ಬಂದ ನೋಡ್ರೇ ಎಂದು ಯಾರೋ ಅಂದು, ಹೆಂಗಸರೆಲ್ಲ ಸೆರಗು ಬಾಯಿಗೊತ್ತಿ ನಕ್ಕರು. ಮೇಸ್ತ್ರಿ ಹಲ್ಲು ಉದುರಿಸುತ್ತೇನೆಂದ ಮೇಲೆ ಸುಮ್ಮನಾದರು.

ಆ ನಿಲ್ದಾಣದ ಹಣೆಬರಹ ಊರಿಗೇ ಗೊತ್ತಿದ್ದ ಗುಟ್ಟು. ದಿನಕ್ಕೊಂದೇ ವಿಮಾನ, ಅದೂ ರೆಕ್ಕೆಗೆ ಫ್ಯಾನು ಕಟ್ಟಿಕೊಂಡ ಪುಟ್ಟ ವಿಮಾನ. ಅದನ್ನು ಹಾರಿಸುವ ಕಂಪನಿಗೆ ನಿಲ್ದಾಣದವರು ಕಾಲು ಹಿಡಿದು ಮಾತು ಕೊಟ್ಟಿದ್ದರು: ಜನ ಹತ್ತದಿದ್ದರೆ ಚಿಂತೆಯಿಲ್ಲ, ಖಾಲಿ ಸೀಟಿನ ಟಿಕೆಟ್ಟಿನ ದುಡ್ಡು ನಾವೇ ಕಟ್ಟುತ್ತೇವೆ, ನೀವು ಹಾರುತ್ತಿರಿ. ಕಂಪನಿಗೇನು, ಹಾರಿತು. ಖಾಲಿ ಸೀಟುಗಳು ಆಕಾಶದಲ್ಲಿ ಮಜವಾಗಿ ಓಡಾಡಿಕೊಂಡಿದ್ದವು. ಆ ದುಡ್ಡು ಹೊಂದಿಸುವುದಕ್ಕೆ ಮೊದಲು ಗುಡಿಸುವವರ ಕೈಗವಸು ಹೋಯಿತು, ಆಮೇಲೆ ಸೋಪು, ಆಮೇಲೆ ಗುಡಿಸುವವರಲ್ಲೇ ಅರ್ಧ ಜನ. ಉಳಿದವರು ಹೋದವರ ಕೆಲಸವನ್ನೂ ಮಾಡಿದರು. ಈಗ ಮೇಲಿನವರು ಕಣ್ಣು ತೆರೆದು, ಜನ ನಿಜವಾಗಿ ಹತ್ತುತ್ತಾರೋ ಇಲ್ಲವೋ ಎಣಿಸಿ ಬಾ ಎಂದು ಒಬ್ಬ ಸಾಹೇಬನನ್ನು ಕಳಿಸಿದ್ದರು. ಸೀಟು ತುಂಬಿದ್ದರೆ ನಿಲ್ದಾಣಕ್ಕೆ ಹೊಸ ಅನುದಾನ, ಇಲ್ಲವಾದರೆ ಬೀಗ. ಬೀಗ ಬಿದ್ದರೆ ನಿಮ್ಮ ಹೊಟ್ಟೆಗೇ ಬೀಳುತ್ತೆ ಎಂದು ಮ್ಯಾನೇಜರು ಕೆಲಸದವರನ್ನು ಕರೆದು ಹೇಳಿದ. ಅವರವರ ಹೆಸರಿನಲ್ಲೇ ಟಿಕೆಟ್ಟು ಮಾಡಿಸಿದ. ನಸುಕಿನಲ್ಲೇ ಬಂದು ಗುಡಿಸಿ ಒರೆಸಿ ಮುಗಿಸಬೇಕು, ಆಮೇಲೆ ಸೀಟು ತುಂಬಬೇಕು.

ಯಾರಾದರೂ ಕೇಳಿದರೆ ವ್ಯಾಪಾರಕ್ಕೆ ಹೋಗುತ್ತಿದ್ದೇವೆ ಅನ್ನಿ ಎಂದು ಮೇಸ್ತ್ರಿ ಪಾಠ ಹೇಳಿಕೊಟ್ಟ. ಏನು ವ್ಯಾಪಾರ ಅಂತ ಕೇಳಿದರೆ ಏನನ್ನಬೇಕು ಎಂದು ಟ್ರಾಲಿ ಕೇಳಿದ.

"ನಿಮ್ಮಪ್ಪನ ತಲೆ ವ್ಯಾಪಾರ ಅನ್ನು. ನಿಮ್ಮ ತಲೆ ಬೇಕು ನಮಗೆ, ಬಾಯಿ ಬೇಡ. ಮುಚ್ಕೊಂಡು ಕೂತ್ಕೊಳ್ಳಿ."

ದೊಡ್ಡಕ್ಕನಿಗೆ ಆ ವಿಮಾನದ ಒಳಗು ತನ್ನ ಅಡುಗೆಮನೆಗಿಂತ ಚೆನ್ನಾಗಿ ಗೊತ್ತಿತ್ತು. ಯಾವ ಸೀಟಿನಡಿ ಮಕ್ಕಳು ಚೂಯಿಂಗ್ ಗಮ್ ಮೆತ್ತುತ್ತಾರೆ, ವಾಂತಿಯ ಚೀಲವನ್ನು ದೊಡ್ಡ ಮನುಷ್ಯರು ಎಲ್ಲಿ ತುರುಕಿ ಹೋಗುತ್ತಾರೆ, ಎಲ್ಲ. ಆದರೆ ಅದು ನೆಲ ಬಿಟ್ಟಾಗ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಗಗನಸಖಿ ಬಗ್ಗಿ, ನೀವು ಬೆಲ್ಟ್ ಹಾಕ್ಕೊಳ್ಳಿ ಮೇಡಂ ಎಂದಾಗ ಅವಳು ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ತನಗೇ ಅಂದದ್ದು ಎಂದು ತಿಳಿದಾಗ ನಾಚಿಕೆಯೂ ಆಯಿತು, ಒಳಗೊಳಗೇ ಹಿಗ್ಗೂ ಆಯಿತು. ವಿಮಾನ ಏರಿತು. ಟ್ರಾಲಿ ಕೋಟಿನೊಳಗೆ ಮುದುರಿಕೊಂಡು ಅವಳ ಕೈ ಹಿಡಿದ. ಅತ್ತಿಗೆ, ಇಷ್ಟು ವರ್ಷ ಇದರ ಹೊಟ್ಟೆಗೆ ಸಾಮಾನು ತುಂಬಿದ್ದೆ, ಇವತ್ತು ನಾನೇ ಸಾಮಾನಾದೆ ಎಂದ. ಅವಳಿಗೆ ನಗು ತಡೆಯಲಾಗಲಿಲ್ಲ.

ಎಡವಟ್ಟು ಆದದ್ದು ಇಳಿದ ಮೇಲೆ. ಮಹಾನಗರದ ನಿಲ್ದಾಣದಲ್ಲಿ ಬಾಗಿಲು ತೆರೆದದ್ದೇ ತಡ, ನಿಜವಾದ ಪ್ರಯಾಣಿಕರು, ಇದ್ದದ್ದೇ ಬೆರಳೆಣಿಕೆಯಷ್ಟು, ಬ್ಯಾಗು ಎಳೆದುಕೊಂಡು ಹೋದರು. ಇವರಿಗೆ ವಿಮಾನ ಖಾಲಿಯಾಗುವುದೆಂದರೆ ಒಂದೇ ಅರ್ಥ. ಯಾರೂ ಯಾರಿಗೂ ಹೇಳಲಿಲ್ಲ, ಕೈಗಳು ತಾವೇ ಎದ್ದವು. ಒಬ್ಬಳು ಸೀಟಿನ ಜೇಬಿನ ಕಾಗದ ತೆಗೆದಳು, ಇನ್ನೊಬ್ಬಳು ಚೆಲ್ಲಿದ ನೀರನ್ನು ಯಾರದ್ದೋ ರೇಷ್ಮೆ ಸೆರಗಿನಿಂದಲೇ ಒರೆಸಿದಳು, ಮತ್ತೊಬ್ಬಳು ಸಾಲುಸಾಲಾಗಿ ಬೆಲ್ಟುಗಳನ್ನು ಅಡ್ಡಡ್ಡ ಮಡಿಸಿ ಜೋಡಿಸುತ್ತ ಬಂದಳು. ಸೀಟು ಶುದ್ಧವಾಗಿದೆ ಎಂಬುದಕ್ಕೆ ಅದು ಗುಡಿಸುವವರ ಗುರುತು. ಮ್ಯಾನೇಜರನೂ ಎಣಿಕೆಯ ಸಾಹೇಬನೂ ಮುಂದಿನ ಸಾಲಿನಿಂದ ಎದ್ದು ತಿರುಗಿದಾಗ ವಿಮಾನ ಥಳಥಳ ಅನ್ನುತ್ತಿತ್ತು.

"ಏನ್ರೀ, ನಿಮ್ಮ ಪ್ರಯಾಣಿಕರು ವಿಮಾನ ತೊಳೆದು ಹೋಗ್ತಾರಾ?" ಎಂದ ಸಾಹೇಬ.

ಮ್ಯಾನೇಜರನ ಮುಖ ಬಿಳಿಚಿಕೊಂಡಿತು. ಸಾಹೇಬ ಅವನ ಬೆನ್ನು ತಟ್ಟಿ, ಹೆದರಬೇಡ್ರಿ, ನಾನು ಎಣಿಸೋದು ತಲೆ, ಕೈ ಏನು ಮಾಡುತ್ತೆ ಅಂತ ನೋಡಲ್ಲ ಎಂದು ನಕ್ಕ. ಎರಡು ಸಾಲಿನ ನಡುವೆ ಬಗ್ಗಿ ಖಾಲಿ ಕಾಫಿ ಕಪ್ಪುಗಳನ್ನು ಹೆಕ್ಕುತ್ತಿದ್ದ ದೊಡ್ಡಕ್ಕನಿಗೆ ಅವರ ಬೂಟು ಕೈಯಳತೆಯಲ್ಲಿತ್ತು. ಕಸ ಎತ್ತುವವಳ ಮುಂದೆ ದೊಡ್ಡವರು ಏನು ಬೇಕಾದರೂ ಮಾತಾಡುತ್ತಾರೆ. ಪೊರಕೆಗೆ ಕಿವಿ ಇರುವುದಿಲ್ಲವಲ್ಲ.

ಇನ್ನೆರಡು ದಿನ ಹೀಗೇ ತುಂಬಿಸಿ ಎಂದ ಸಾಹೇಬ. ಜನ ಹೆಚ್ಚು, ವಿಮಾನ ಸಾಲದು ಅಂತ ಬರೆಯುತ್ತೇನೆ, ದೊಡ್ಡ ವಿಮಾನ ಬರುತ್ತೆ. ಅದಕ್ಕೆ ನಮ್ಮ ರನ್‌ವೇ ಸಾಲುವುದಿಲ್ಲವಲ್ಲ ಸಾರ್ ಎಂದ ಮ್ಯಾನೇಜರು.

"ಬೇಲಿ ಆಚೆ ಆ ಕೇರಿ ಇದೆಯಲ್ಲ, ಅದನ್ನ ಎತ್ತಿಸ್ರಿ. ಪ್ರಯಾಣಿಕರ ಬೇಡಿಕೆ ಇದೆ ಅಂತ ಲೆಕ್ಕ ತೋರಿಸಿದ್ರೆ ಯಾವ ಕೋರ್ಟೂ ತಡೆಯಲ್ಲ."

ದೊಡ್ಡಕ್ಕ ಬಗ್ಗಿದಲ್ಲೇ ಉಳಿದಳು. ಆ ಕೇರಿಯಲ್ಲೇ ಅವಳ ಮನೆ ಇತ್ತು. ಟ್ರಾಲಿಯದ್ದೂ, ಆ ವಿಮಾನದಲ್ಲಿ ಕೂತು ಬಂದಿದ್ದ ಅಷ್ಟೂ ಕೆಲಸದವರದ್ದೂ.

ಹೋಗುವಾಗ ಹಾರಿಹೋದವರು ಬರುವಾಗ, ಮೇಸ್ತ್ರಿ ರಸ್ತೆ ಹಿಡಿದು ತಂದಿದ್ದ ಲಾರಿಯಲ್ಲಿ ಬಂದರು. ಲಾರಿ ಹತ್ತುವ ಮೊದಲು ಅವರವರ ಹಳೆ ಬಟ್ಟೆ ಕೊಟ್ಟು, ಸೀರೆ, ಕೋಟು ಎಲ್ಲ ಬಿಚ್ಚಿಸಿ ಗಂಟು ಕಟ್ಟಿಸಿದ. ಎಳೆ ಒಂದು ಹರಿದರೂ ಕೂಲಿಯಲ್ಲಿ ಹಿಡಿಯುತ್ತೇನೆಂದ. ದಾರಿಯುದ್ದಕ್ಕೂ ಸಿಮೆಂಟಿನ ಧೂಳಿನಲ್ಲಿ ನಿಂತೇ ಬರುತ್ತ ದೊಡ್ಡಕ್ಕ ತಾನು ಕೇಳಿದ್ದನ್ನು ಎಲ್ಲರಿಗೂ ಹೇಳಿದಳು. ಮೊದಲು ಯಾರೂ ನಂಬಲಿಲ್ಲ. ಸಾಹೇಬನ ಮಾತನ್ನು ಅವಳು ಹಾಗೇ ಒಪ್ಪಿಸಿದ ಮೇಲೆ ನಂಬಿದರು.

ಸಂಜೆ ಮನೆಯಲ್ಲಿ ಅತ್ತೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ಈಗ ವಿಮಾನ ಇಳಿಯುತ್ತದಲ್ಲ, ಆ ಜಾಗದಲ್ಲೇ ಒಂದು ಕಾಲಕ್ಕೆ ಅವಳ ಒಲೆ ಉರಿಯುತ್ತಿತ್ತು. ಅಲ್ಲಿಂದ ಎತ್ತಿ ಬೇಲಿಯಾಚೆ ಬಿಸಾಡುವಾಗ, ಮಕ್ಕಳಿಗೆ ನಿಲ್ದಾಣದಲ್ಲಿ ಕೆಲಸ ಕೊಡುತ್ತೇವೆ ಅಂದಿದ್ದರು. ಕೊಟ್ಟರು, ಪೊರಕೆ. ದೊಡ್ಡಕ್ಕನ ಗಂಡ ಆ ರನ್‌ವೇಗೆ ಜಲ್ಲಿ ಹೊತ್ತು ಎದೆಯಲ್ಲಿ ಧೂಳು ತುಂಬಿಸಿಕೊಂಡು ಸತ್ತ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು. ಸೊಪ್ಪಿನ ಕೈ ನಿಂತಿತು.

"ನಮ್ಮ ಮನೆ ಕೆಡವೋಕೆ ನಮ್ಮನ್ನೇ ಕೂರಿಸಿದ್ರಾ? ನೀನೂ ಕೂತು ಬಂದ್ಯಾ?"

ದೊಡ್ಡಕ್ಕನಿಗೆ ಕೆನ್ನೆಗೆ ಬಾರಿಸಿದಂತಾಯಿತು. ನಾಳೆ ಹೋಗುವುದಿಲ್ಲ ಎಂದಳು. ಟ್ರಾಲಿ ರೇಗಿದ. ನೀನು ಹೋಗದಿದ್ದರೆ ನಿನ್ನ ಸೀಟಿಗೆ ಇನ್ನೊಬ್ಬಳು, ನಾನು ಹೋಗದಿದ್ದರೆ ಇನ್ನೊಬ್ಬ. ಬಸ್‌ಸ್ಟ್ಯಾಂಡಿನಲ್ಲಿ ಕೂಲಿಗೆ ಕಾದು ನಿಂತ ಜನ ಇಲ್ಲವೇ, ಅವರನ್ನು ಹತ್ತಿಸುತ್ತಾರೆ. ಮನೆಯೂ ಹೋಗುತ್ತೆ, ಕೆಲಸವೂ ಹೋಗುತ್ತೆ. ಹಾಗೆಂದು ಕೂಗಾಡಿ, ಕೊನೆಗೆ ಗೋಡೆ ಕಡೆ ತಿರುಗಿ ಕೂತು ಅತ್ತ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೇ ದೊಡ್ಡಕ್ಕನಿಗೆ ಇನ್ನಷ್ಟು ಉರಿಯಿತು.

ಮರುದಿನ ಅವಳು ಹೋದಳು. ಏನು ಮಾಡಬೇಕೆಂದು ತಿಳಿಯದೆಯೇ ಹೋದಳು. ವಿಮಾನದ ಮೆಟ್ಟಿಲ ಬಳಿ ಮೇಸ್ತ್ರಿ ಕಾಯುತ್ತಿದ್ದ. ನಿನ್ನೆಯ ಅವಮಾನವನ್ನು ಮ್ಯಾನೇಜರು ಅವನ ಮೇಲೆ ತೀರಿಸಿಕೊಂಡಿದ್ದ.

"ಇವತ್ತು ಯಾವಳಾದ್ರೂ ಬೆಲ್ಟು ಮುಟ್ಟಿದ್ರೆ ಕೈ ಮುರೀತೀನಿ."

"ಹಾಕ್ಕೊಳ್ಳೋಕಾದ್ರೂ ಮುಟ್ಟಬೇಕಲ್ಲ ಸ್ವಾಮಿ," ಎಂದ ಟ್ರಾಲಿ. ತಮಾಷೆಗೇ ಅಂದಿದ್ದ. ಮೇಸ್ತ್ರಿ ಫಟಾರನೆ ಕೆನ್ನೆಗೆ ಹೊಡೆದ. ಮೆಟ್ಟಿಲು ಹತ್ತುತ್ತಿದ್ದ ನಿಜವಾದ ಪ್ರಯಾಣಿಕರು ಕಂಡೂ ಕಾಣದವರಂತೆ ಫೋನು ನೋಡಿಕೊಂಡರು. ಟ್ರಾಲಿ ಉದ್ದ ತೋಳಿನಿಂದ ತುಟಿ ಒರೆಸಿಕೊಂಡು, ಒಳಗೆ ಹೋಗಿ ತನ್ನ ಸೀಟಿನಲ್ಲಿ ಕೂತ. ತೋಳಿನ ಮೇಲೆ ರಕ್ತದ ಕಲೆ ಇತ್ತು. ಅವನಿಗೆ ಅದರದ್ದೇ ಚಿಂತೆ. ಕೋಟು ಹಾಳಾಯ್ತಲ್ಲ ಅತ್ತಿಗೆ, ಕೂಲೀಲಿ ಹಿಡೀತಾನೆ ಎಂದ.

ಆ ಮಾತು ಕೇಳಿ ದೊಡ್ಡಕ್ಕನಿಗೆ ಕೂರಲಾಗಲಿಲ್ಲ. ಎದ್ದುಬಿಟ್ಟಳು. ಆಗಲೇ ಬಾಗಿಲು ಹಾಕಿಯಾಗಿತ್ತು, ರೆಕ್ಕೆಯ ಫ್ಯಾನುಗಳು ತಿರುಗಲು ಶುರುಮಾಡಿದ್ದವು. ಗಗನಸಖಿ ಓಡಿ ಬಂದಳು.

"ಮೇಡಂ, ಕೂತ್ಕೊಳ್ಳಿ. ಯಾರಾದ್ರೂ ನಿಂತಿದ್ರೆ ವಿಮಾನ ಹೊರಡಲ್ಲ."

"ಹೊರಡಲ್ವಾ?"

"ಇಲ್ಲ ಮೇಡಂ."

"ಒಬ್ಬಳು ನಿಂತ್ರೂ?"

"ಒಬ್ಬರು ನಿಂತ್ರೂ ಹೊರಡಲ್ಲ. ದಯವಿಟ್ಟು ಕೂತ್ಕೊಳ್ಳಿ."

ದೊಡ್ಡಕ್ಕ ನಡುದಾರಿಗೆ ಬಂದಳು. ಎರಡೂ ಕಡೆಯ ಸೀಟಿನ ಬೆನ್ನು ಹಿಡಿದು, ಕಾಲು ಅಗಲಿಸಿ ನಿಂತಳು. ಅವಳ ದನಿ ಕೊನೆಯ ಸಾಲಿಗೂ ಕೇಳಿಸಿತು.

"ನಾವು ವ್ಯಾಪಾರಸ್ಥರಲ್ಲ. ಈ ವಿಮಾನದ ಕಕ್ಕಸು ತೊಳೆಯೋರು. ಸೀಟು ತುಂಬಿದೆ ಅಂತ ತೋರಿಸಿ ನಮ್ಮ ಮನೆ ಕೆಡವ್ತಾರಂತೆ. ನಾನು ಕೂರಲ್ಲ."

ಮುಂದಿನ ಸಾಲಿನಲ್ಲಿ ಸಾಹೇಬ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ಮ್ಯಾನೇಜರು ಹಲ್ಲು ಕಿರಿಯುತ್ತ ಬಂದ. ಕೂತ್ಕೊಳ್ಳಮ್ಮ ತಾಯಿ, ಇಳಿದ ಮೇಲೆ ಮಾತಾಡೋಣ ಎಂದ. ಅವಳು ಕದಲದಿದ್ದಾಗ ಕಿವಿಯ ಹತ್ತಿರ ಬಾಯಿ ತಂದು, ಕೂರ್ತೀಯೋ ಇಲ್ಲಾ ನಿನ್ನ ವಂಶದ ಹುಟ್ಟಡಗಿಸಲೋ ಬೋಳಿ ಎಂದ. ಟೈ ಕಟ್ಟಿದ್ದವನೊಬ್ಬ, ನನಗೆ ಮೀಟಿಂಗ್ ಇದೆ, ಅವಳನ್ನ ಎಳೆದು ಆಚೆ ಹಾಕ್ರೀ ಎಂದು ಕಿರುಚಿದ. ಮ್ಯಾನೇಜರು ಅವಳ ತೋಳಿಗೆ ಕೈ ಹಾಕಿದ.

ಟ್ರಾಲಿ ಎದ್ದು ನಿಂತ. ಕೋಟು ಬಿಚ್ಚಿ ಸೀಟಿನ ಮೇಲೆ ಎಸೆದ. "ಅವಳ ಮೇಲಿಂದ ಕೈ ತೆಗಿಯೋ ಬೋಳಿಮಗನೆ," ಎಂದ. ಅವನ ಹಿಂದಿನವಳು ಎದ್ದಳು. ಅವಳ ಪಕ್ಕದವಳು ಎದ್ದಳು. ಬೆಲ್ಟುಗಳು ಟಕ ಟಕ ಬಿಚ್ಚಿಕೊಂಡವು. ಮ್ಯಾನೇಜರನ ಕೈ ತಾನಾಗಿ ಕೆಳಗಿಳಿಯಿತು. ತುಂಬಿದ್ದ ಸೀಟುಗಳೆಲ್ಲ ಖಾಲಿಯಾಗಿ, ಟೈ ಕಟ್ಟಿದವನೂ ಅವನಂಥ ಬೆರಳೆಣಿಕೆಯ ಜನವೂ ಮಾತ್ರ ಅಲ್ಲಲ್ಲಿ ಕೂತು ಉಳಿದರು.

ಸ್ವಲ್ಪ ಹೊತ್ತಿಗೆ ಪೈಲಟ್ಟು ಫ್ಯಾನು ನಿಲ್ಲಿಸಿದ. ತಣ್ಣನೆ ಗಾಳಿ ನಿಂತು ಒಳಗೆಲ್ಲ ಸೆಕೆ ತುಂಬಿತು, ಬೆವರು ಇಳಿಯತೊಡಗಿತು. ಬಾಗಿಲು ತೆರೆಯಿತು. ಮೇಸ್ತ್ರಿ ಮೆಟ್ಟಿಲು ಹತ್ತಿ ಬಂದ. ರನ್‌ವೇಯ ಆ ತುದಿಯಿಂದ ಪೊಲೀಸ್ ಜೀಪು ಬರುತ್ತಿರುವುದು ಅವನ ಹೆಗಲಾಚೆ ಕಾಣುತ್ತಿತ್ತು.

"ಒಬ್ಬೊಬ್ಬರ ಹೆಸರೂ ಬರ್ಕೊಳ್ತೀನಿ. ಒಬ್ರನ್ನೂ ಬಿಡಲ್ಲ."

"ಬರ್ಕೋ," ಎಂದಳು ದೊಡ್ಡಕ್ಕ. "ಮನೆನೂ ಬರ್ಕೋ. ಬೇಲಿ ಆಚೆ ಕೇರಿ. ಯಾವಾಗ ಬಂದು ಹುಡುಕಿದ್ರೂ ಅಲ್ಲೇ ಇರ್ತೀವಿ."

ಜೀಪು ವಿಮಾನದ ಕೆಳಗೆ ಬಂದು ನಿಂತಿತು. ಯಾರೂ ಕೂರಲಿಲ್ಲ.